ನಮ್ಮ ಕಾಡಿನ ಲೆಕ್ಕ ನಮ್ಮ ಮಕ್ಕಳ ಕೈಯಲ್ಲಿ

ಯುವಜನರ ಪುಟ: ಅಧ್ಯಯನ ಪಾಠ



ಶಾಲೆಗಳು ತೆರೆದಿವೆ. ಇನ್ನು ಕೆಲವು ವಾರಗಳಲ್ಲಿ ಪ್ರೌಢಶಾಲೆಗಳಿಗೆ ವಿಜ್ಞಾನ ಮತ್ತು ಪರಿಸರ ಸ್ಪರ್ಧೆಗಳ ಸುತ್ತೋಲೆಗಳು ಬರತೊಡಗುತ್ತವೆ. ಅವು ಬಂದು ಕೆಲವು ದಿನ ನೋಟಿಸ್ ಬೋರ್ಡಿನಲ್ಲಿದ್ದು ಹಾಗೆಯೇ ಹಳದಿಯಾಗಿ ಹೋಗುವುದನ್ನು ನಾವು ಬಹಳ ವರ್ಷ ನೋಡಿದ್ದೇವೆ. ಈ ವರ್ಷ ಹಾಗಾಗಬಾರದು ಎಂಬ ಆಸೆಯಿಂದ ಈ ಪಾಠ ಬರೆಯುತ್ತಿದ್ದೇನೆ. ಎಂಟರಿಂದ ಹನ್ನೆರಡನೇ ತರಗತಿಯ ಮಕ್ಕಳು ಇದನ್ನು ಓದಲಿ. ತಂದೆತಾಯಂದಿರೂ ಜೊತೆಗೆ ಕುಳಿತು ಓದಿದರೆ ಇನ್ನೂ ಒಳ್ಳೆಯದು.

ಬಿಳಿ ಕರಡಿಯ ಕಥೆ

ಮೊದಲು ನನ್ನದೇ ಒಂದು ಸೋಲಿನ ಕಥೆ ಹೇಳುತ್ತೇನೆ. ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಾವು ನಾಲ್ಕು ಮಂದಿ ಹುಡುಗಿಯರು ಬೆಟ್ಟ ಇಳಿದು ಇಂಥದೊಂದು ಸ್ಪರ್ಧೆಗೆ ಹೋಗಿದ್ದೆವು. ಥರ್ಮೋಕೋಲಿನಲ್ಲಿ ಹಿಮದ ಗುಡ್ಡ ಮಾಡಿ, ಅದರ ಮೇಲೆ ಹತ್ತಿಯ ಬಿಳಿ ಕರಡಿ ನಿಲ್ಲಿಸಿದ್ದೆವು. ಭೂಮಿ ಬಿಸಿಯಾಗುವುದರ ಬಗ್ಗೆ ಎರಡು ಪುಟದ ಭಾಷಣ ಬಾಯಿಪಾಠವಾಗಿತ್ತು. ತೀರ್ಪುಗಾರರಾಗಿ ಬಂದಿದ್ದ ವಯಸ್ಸಾದ ಮೇಷ್ಟ್ರು ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು. ಆಮೇಲೆ ತಮಿಳಿನಲ್ಲಿ ಒಂದೇ ಪ್ರಶ್ನೆ ಕೇಳಿದರು: "ಹಾಸನೂರಿನಿಂದ ಬಂದಿದ್ದೀರಿ. ನಿಮ್ಮ ಊರಿನ ಐದು ಮರಗಳ ಹೆಸರು ಹೇಳಿ. ಅದರಲ್ಲಿ ಈಗ ಯಾವುದು ಕಡಿಮೆಯಾಗುತ್ತಿದೆ?"

ನಾಲ್ವರೂ ತಲೆ ತಗ್ಗಿಸಿ ನಿಂತೆವು.

ಸಂಜೆ ಬಸ್ಸು ಬಣ್ಣಾರಿ ದಾಟಿ ದಿಂಬಂ ಘಾಟಿ ಹತ್ತತೊಡಗಿತು. ನನ್ನ ಪಕ್ಕದಲ್ಲಿ ಕುಳಿತಿದ್ದ ಗೆಳತಿಯ ಮನೆಯವರು ನೆಲ್ಲಿಕಾಯಿ, ಜೇನು, ಸೀಗೆ ತರುವವರು. ಅವಳು ಕಿಟಕಿಯಾಚೆ ನೋಡುತ್ತಾ, ಯಾರಿಗೂ ಅಲ್ಲವೆಂಬಂತೆ, ಮರಗಳ ಹೆಸರು ಹೇಳತೊಡಗಿದಳು: ಬೇಲ, ನೆಲ್ಲಿ, ಹೊನ್ನೆ, ಬೂರುಗ, ಮುತ್ತುಗ, ಮತ್ತಿ, ದಿಂಡಿಗ, ಅಳಲೆ, ತಾರೆ… ಇಪ್ಪತ್ತೇಳು ತಿರುವು ಮುಗಿಯುವವರೆಗೂ ಅವಳ ಪಟ್ಟಿ ಮುಗಿಯಲಿಲ್ಲ. "ಮತ್ತೆ ಅಲ್ಲಿ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ. "ತಮಿಳಲ್ಲಿ ಇವಕ್ಕೆ ಏನಂತಾರೆ ಗೊತ್ತಿಲ್ವಲ್ಲ. ಅದೂ ಅಲ್ದೆ, ಇದೆಲ್ಲ ಪಾಠದಲ್ಲಿ ಬರುತ್ತೆ ಅಂತ ನಂಗೆ ಗೊತ್ತಿರಲಿಲ್ಲ" ಎಂದಳು.

ಆ ಎರಡನೇ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಗೊತ್ತಿದ್ದವಳು ಅವಳೇ. ಆದರೆ ತನಗೆ ಗೊತ್ತಿರುವುದು ವಿದ್ಯೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಈ ಪಾಠದ ಮುಖ್ಯ ಮಾತು ಇಷ್ಟೇ: ಪರಿಸರ ಸ್ಪರ್ಧೆಗೆ ಬೇಕಾದ ಅರ್ಧ ತಿಳಿವಳಿಕೆ ನಮ್ಮ ಮಕ್ಕಳಲ್ಲಿ, ನಮ್ಮ ಮನೆಯ ಹಿರಿಯರಲ್ಲಿ, ನಮ್ಮ ಭಾಷೆಯಲ್ಲಿ ಆಗಲೇ ಇದೆ. ಉಳಿದ ಅರ್ಧ ಎಂದರೆ ಒಂದು ನೋಟ್‌ಬುಕ್ಕು, ಒಂದು ಅಳತೆ ಟೇಪು, ಒಟ್ಟಿಗೆ ಕೆಲಸ ಮಾಡುವ ಒಂದು ತಂಡ.

ಬಹುಮಾನಕ್ಕಿಂತ ದೊಡ್ಡ ಕಾರಣ

ಬಹುಮಾನ ಬಂದರೆ ಸಂತೋಷ. ಆದರೆ ಅದಕ್ಕಾಗಿ ಮಾತ್ರ ನಾನು ಇದನ್ನು ಬರೆಯುತ್ತಿಲ್ಲ.

ನಾವು ಬದುಕುತ್ತಿರುವ ಸತ್ಯಮಂಗಲದ ಕಾಡು 2008ರಲ್ಲಿ ವನ್ಯಜೀವಿಧಾಮವಾಯಿತು, 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದರ ವಿಸ್ತೀರ್ಣ ಸುಮಾರು 1,400 ಚದರ ಕಿಲೋಮೀಟರು. ಹುಲಿಗಳ ಸಂಖ್ಯೆ ಇಮ್ಮಡಿಗಿಂತ ಹೆಚ್ಚಾದುದಕ್ಕೆ 2022ರಲ್ಲಿ ಈ ಕಾಡಿಗೆ ಟಿಎಕ್ಸ್2 ಎಂಬ ಅಂತರರಾಷ್ಟ್ರೀಯ ಪ್ರಶಸ್ತಿ ಬಂತು. ಅದೇ ವರ್ಷದ ಫೆಬ್ರುವರಿಯಲ್ಲಿ ಹೈಕೋರ್ಟಿನ ಆದೇಶದಂತೆ ದಿಂಬಂ ಘಾಟಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಬಂತು. ಟೊಮೆಟೊ, ಕೋಸು ಬೆಳೆದವರಿಗೂ ಲಾರಿಯವರಿಗೂ ಅದು ಎಷ್ಟು ದೊಡ್ಡ ಸುದ್ದಿಯಾಗಿತ್ತು ಎಂದು ನಿಮಗೆ ನೆನಪಿರಬಹುದು.

ಇಂಥ ತೀರ್ಮಾನಗಳು ಆಗುವ ಜಾಗದಲ್ಲಿ ಲೆಕ್ಕ ಹಿಡಿದು ಕುಳಿತವರ ಮಾತಿಗೆ ತೂಕ. ಎಷ್ಟು ಹುಲಿ, ಎಷ್ಟು ಆನೆ, ಎಷ್ಟು ವಾಹನ, ರಸ್ತೆಯಲ್ಲಿ ಎಷ್ಟು ಜೀವ ಸತ್ತವು ಎಂದು ಅಲ್ಲಿ ಕೇಳುತ್ತಾರೆ. "ಮೊದಲೆಲ್ಲ ಹೀಗಿರಲಿಲ್ಲ ಸ್ವಾಮಿ" ಎನ್ನುವ ನಮ್ಮ ಹಿರಿಯರ ಮಾತು ಸತ್ಯವೇ. ಆದರೆ ಆ ಸತ್ಯಕ್ಕೆ ತಾರೀಕು, ಜಾಗ, ಸಂಖ್ಯೆ ಸೇರಿದಾಗ ಮಾತ್ರ ಅದನ್ನು ಬರೆದುಕೊಳ್ಳುತ್ತಾರೆ. ನಮ್ಮ ಮಕ್ಕಳು ಹದಿನಾಲ್ಕನೇ ವಯಸ್ಸಿನಲ್ಲಿ ಎಣಿಸಿ ಬರೆಯುವುದನ್ನು ಕಲಿತರೆ, ನಾಳೆ ಗ್ರಾಮಸಭೆಯಲ್ಲಾಗಲಿ, ಕಚೇರಿಯಲ್ಲಾಗಲಿ, ನಮ್ಮ ಪರವಾಗಿ ಮಾತ್ರವಲ್ಲ, ಕಾಡಿನ ಪರವಾಗಿಯೂ ಮಾತನಾಡಬಲ್ಲರು.

ಯಾವ ಯಾವ ಸ್ಪರ್ಧೆಗಳಿವೆ?

*ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ.* ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ ಬೆಂಬಲದಿಂದ 1993ರಲ್ಲಿ ಆರಂಭವಾದದ್ದು. 10ರಿಂದ 17 ವರ್ಷದ ಮಕ್ಕಳು ಕಿರಿಯರು, ಹಿರಿಯರು ಎಂಬ ಎರಡು ಗುಂಪುಗಳಲ್ಲಿ ಭಾಗವಹಿಸುತ್ತಾರೆ. ಇದರಲ್ಲಿ ಮಾದರಿ ಕಟ್ಟಿ ತೋರಿಸುವುದು ಮುಖ್ಯವಲ್ಲ. ತಮ್ಮ ಊರಿನ ಒಂದು ಸಮಸ್ಯೆಯನ್ನು ತೆಗೆದುಕೊಂಡು, ಕೆಲವು ತಿಂಗಳು ಅಳೆದು, ಕೇಳಿ, ಎಣಿಸಿ ವರದಿ ಮಾಡಬೇಕು. ಒಬ್ಬ ಮಾರ್ಗದರ್ಶಿ ಜೊತೆಗಿರುತ್ತಾರೆ. ದಿನದಿನದ ಕೆಲಸ ಬರೆದಿಟ್ಟ ದಿನಚರಿ ಪುಸ್ತಕವನ್ನೂ ತೋರಿಸಬೇಕು. ಜೀವವೈವಿಧ್ಯ, ಭೂಸಂಪತ್ತು, ಹವೆ ಮತ್ತು ವಾಯುಗುಣ ಇವೆಲ್ಲ ಬೇರೆ ಬೇರೆ ವರ್ಷಗಳ ಮುಖ್ಯ ವಿಷಯಗಳಾಗಿದ್ದವು. ಜಿಲ್ಲೆ, ರಾಜ್ಯ, ರಾಷ್ಟ್ರ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೋಗುತ್ತದೆ. ನಮ್ಮ ರಾಜ್ಯದಲ್ಲಿ ತಮಿಳುನಾಡು ಅರಿವಿಯಲ್ ಇಯಕ್ಕಂ, ಪಕ್ಕದ ಕರ್ನಾಟಕದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದಕ್ಕಾಗಿ ಬಹಳ ವರ್ಷ ದುಡಿದಿವೆ.

*ವಿಪ್ರೋ ಅರ್ಥಿಯನ್.* 2011ರಲ್ಲಿ ಆರಂಭವಾದದ್ದು. ಶಿಕ್ಷಕರ ಜೊತೆ ವಿದ್ಯಾರ್ಥಿಗಳ ಒಂದು ತಂಡ. ನೀರು, ಜೀವವೈವಿಧ್ಯ, ಕಸ ಇವು ಮುಖ್ಯ ವಿಷಯಗಳು.

*ಹಸಿರು ಶಾಲೆ ಲೆಕ್ಕಪರಿಶೋಧನೆ.* ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ನಡೆಸುವ ಕಾರ್ಯಕ್ರಮ. ಮಕ್ಕಳೇ ತಮ್ಮ ಶಾಲೆಯ ಗಾಳಿ, ವಿದ್ಯುತ್ತು, ಆಹಾರ, ನೆಲ, ನೀರು, ಕಸ ಈ ಆರನ್ನು ಅಳೆದು ಅಂಕ ಕೊಡುತ್ತಾರೆ.

ಇದಲ್ಲದೆ 2001ರಿಂದ ನಡೆದುಬಂದಿರುವ ರಾಷ್ಟ್ರೀಯ ಹಸಿರು ಪಡೆಯ ಸಂಘಗಳು ಹಲವು ಶಾಲೆಗಳಲ್ಲಿವೆ. ನಿಮ್ಮ ಶಾಲೆಯಲ್ಲಿ 'ಪಸುಮೈ ಪಡೈ' ಎಂಬ ಫಲಕವಿದ್ದರೆ ಅದರ ಹೊಣೆ ಹೊತ್ತ ಶಿಕ್ಷಕರನ್ನು ಕಂಡು ಮಾತಾಡಿ. ಒಂದು ಎಚ್ಚರಿಕೆ: ತಂಡದಲ್ಲಿ ಎಷ್ಟು ಮಂದಿ, ಕೊನೆಯ ದಿನಾಂಕ ಯಾವುದು ಎಂಬಂಥ ನಿಯಮಗಳು ಆಗಾಗ ಬದಲಾಗುತ್ತವೆ. ಆ ವರ್ಷದ ಸುತ್ತೋಲೆಯನ್ನೇ ನೋಡಿಕೊಳ್ಳಬೇಕು.

ಹೊರದೇಶದ ಒಂದು ಮಾದರಿ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ 1979ರಲ್ಲಿ ಪ್ರೌಢಶಾಲಾ ಮಕ್ಕಳಿಗಾಗಿ ಒಂದು ಪರಿಸರ ಸ್ಪರ್ಧೆ ಆರಂಭವಾಯಿತು. ಈಗ ಅದಕ್ಕೆ ಎನ್ವಿರೋಥಾನ್ ಎಂದು ಹೆಸರು. ಐದು ಮಕ್ಕಳ ತಂಡ. ಪರೀಕ್ಷೆ ನಡೆಯುವುದು ಹೆಚ್ಚಾಗಿ ಬಯಲಿನಲ್ಲಿ. ಅಗೆದ ಗುಂಡಿಯ ಮುಂದೆ ನಿಂತು ಮಣ್ಣು ನೋಡಿ ಹೇಳಬೇಕು. ಮರದ ಸುತ್ತಳತೆ ತೆಗೆಯಬೇಕು. ಮಣ್ಣು, ನೀರು, ಕಾಡು, ವನ್ಯಜೀವಿ, ಆ ವರ್ಷದ ಒಂದು ಪ್ರಚಲಿತ ಸಮಸ್ಯೆ, ಹೀಗೆ ಐದು ವಿಭಾಗಗಳು. ಕೊನೆಗೆ ತಂಡ ಒಟ್ಟಾಗಿ ಒಂದು ಸಮಸ್ಯೆಗೆ ಪರಿಹಾರ ಹೇಳಬೇಕು.

ನಾವು ಅಲ್ಲಿಗೆ ಹೋಗಬೇಕಾಗಿಲ್ಲ. ಆದರೆ ಈ ಐದು ವಿಭಾಗಗಳ ಕ್ರಮ ನಮಗೆ ಬಹಳ ಉಪಯೋಗ. ಒಬ್ಬೊಬ್ಬರು ಒಂದೊಂದು ವಿಭಾಗದಲ್ಲಿ ಗಟ್ಟಿಯಾಗುತ್ತಾರೆ, ಒಬ್ಬರಿಗೆ ಗೊತ್ತಿಲ್ಲದ್ದನ್ನು ಇನ್ನೊಬ್ಬರು ತುಂಬುತ್ತಾರೆ. ಈಗ ಅದೇ ಐದನ್ನು ಹಾಸನೂರಿಗೆ ತರೋಣ.

ಒಂದು: ಮಣ್ಣು

ಅಗಲ ಬಾಯಿಯ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಹೊಲದ ಮಣ್ಣು ಹಾಕಿ. ಉಳಿದಷ್ಟೂ ನೀರು, ಒಂದು ಚಿಟಿಕೆ ಸೋಪಿನ ಪುಡಿ. ಚೆನ್ನಾಗಿ ಕುಲುಕಿ ಅಲುಗಾಡದಂತೆ ಇಡಿ. ಒಂದೆರಡು ನಿಮಿಷದಲ್ಲಿ ಮರಳು ತಳಕ್ಕೆ ಕೂರುತ್ತದೆ. ಕೆಲವು ಗಂಟೆಯಲ್ಲಿ ಅದರ ಮೇಲೆ ನುಣ್ಣನೆಯ ಗೋಡು, ಒಂದೆರಡು ದಿನದಲ್ಲಿ ಎಲ್ಲಕ್ಕೂ ಮೇಲೆ ಜೇಡಿ. ಮೂರು ಪದರಗಳನ್ನೂ ಸ್ಕೇಲಿನಲ್ಲಿ ಅಳೆದು ಶೇಕಡಾವಾರು ಬರೆಯಿರಿ. ರಾಗಿ ಹೊಲ, ಅರಿಶಿನದ ಹೊಲ, ದೇವಾಲಯದ ಆವರಣ, ಈ ಮೂರು ಕಡೆಯ ಮಣ್ಣನ್ನು ಪಕ್ಕಪಕ್ಕ ಇಟ್ಟರೆ ಒಂದು ಒಳ್ಳೆಯ ಯೋಜನೆಯ ಮೊದಲ ಪುಟ ಸಿದ್ಧ.

ಎರಡು: ನೀರು

ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಈ ಒಂದು ಸಾಲು ನೆನಪಿಡಿ. 200 ಚದರ ಮೀಟರಿನ ಚಾವಣಿಯ ಮೇಲೆ 20 ಮಿಲಿಮೀಟರ್ ಮಳೆಯಾದರೆ 4,000 ಲೀಟರ್. ತಳದಿಂದ ಮೇಲಿನವರೆಗೆ ಒಂದೇ ಅಗಲವಿರುವ ಡಬ್ಬವನ್ನು ಮರಗಳಿಲ್ಲದ ಬಯಲಿನಲ್ಲಿಟ್ಟು, ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ನೀರಿನ ಎತ್ತರ ಅಳೆದು ಚೆಲ್ಲಿ. ನಮ್ಮ ದೇವಾಲಯದ ಚಾವಣಿಯಿಂದ ಈ ಮಳೆಗಾಲದಲ್ಲಿ ಎಷ್ಟು ನೀರು ಸುಮ್ಮನೆ ಹರಿದು ಹೋಯಿತು? ಈ ಲೆಕ್ಕವನ್ನು ಮಕ್ಕಳು ತಂದು ಮುಂದಿಟ್ಟರೆ ಆರ್ಥಿಕ ಸಮಿತಿಯವರೂ ಸ್ವಲ್ಪ ಯೋಚಿಸಬೇಕಾಗುತ್ತದೆ!

ಮೂರು: ಮರ, ಗಿಡ

ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಚೌಕವನ್ನು ಹಗ್ಗದಿಂದ ಗುರುತಿಸಿ. ಅದರೊಳಗೆ ಯಾವ ಯಾವ ಗಿಡ, ಎಷ್ಟೆಷ್ಟು ಎಂದು ಎಣಿಸಿ. ನಾನು ಬಿ.ಎಸ್‌ಸಿ. ಓದುವಾಗ ಇದನ್ನು ದೊಡ್ಡ ವಿದ್ಯೆಯೆಂದು ಕಲಿತೆ. ನಿಜ ಹೇಳಬೇಕೆಂದರೆ ಹಗ್ಗ ಮತ್ತು ತಾಳ್ಮೆ ಇದ್ದರೆ ಸಾಕು. ಚೌಕಗಳನ್ನು ಕಣ್ಣಿಗೆ ಚೆಂದ ಕಂಡ ಕಡೆ ಹಾಕಬಾರದು. 'ಪ್ರತಿ ಐವತ್ತು ಹೆಜ್ಜೆಗೆ ಒಂದು' ಎಂಬಂತೆ ಮೊದಲೇ ನಿಯಮ ಮಾಡಿಕೊಳ್ಳಬೇಕು. 20 ಚೌಕದಲ್ಲಿ 11ರಲ್ಲಿ ಲಂಟಾನ ಇದ್ದರೆ ಶೇಕಡಾ 55 ಎಂದಾಯಿತು. ಮುಂದಿನ ವರ್ಷ ಅದೇ ಜಾಗದಲ್ಲಿ ಮತ್ತೆ ಎಣಿಸಿ.

ಇಂಥ ಎಣಿಕೆ ಏನು ಮಾಡಬಲ್ಲದು ಎಂಬುದಕ್ಕೆ ನಮ್ಮ ಪಕ್ಕದ ಬಿಳಿಗಿರಿರಂಗನ ಬೆಟ್ಟವೇ ಸಾಕ್ಷಿ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಲಂಟಾನ ಗಿಡವನ್ನು 19ನೇ ಶತಮಾನದ ಆರಂಭದಲ್ಲಿ ಹೂವಿನ ಚೆಂದಕ್ಕೆಂದು ನಮ್ಮ ದೇಶಕ್ಕೆ ತಂದರು. ಬಿಳಿಗಿರಿರಂಗನ ಬೆಟ್ಟದಲ್ಲಿ ಸಂಶೋಧಕರು 1997ರಲ್ಲಿ ಗುರುತಿಸಿದ ತುಂಡುಗಳಲ್ಲಿ ಶೇಕಡಾ 41ರಲ್ಲಿ ಲಂಟಾನ ಇತ್ತು. 2008ರಲ್ಲಿ ಮತ್ತೆ ಎಣಿಸಿದಾಗ ಅದು ಶೇಕಡಾ 81 ಆಗಿತ್ತು. ಹನ್ನೊಂದೇ ವರ್ಷ! 'ಲಂಟಾನ ಜಾಸ್ತಿಯಾಗಿದೆ' ಎನ್ನುವುದಕ್ಕೂ, '41 ಇದ್ದದ್ದು 81 ಆಗಿದೆ' ಎನ್ನುವುದಕ್ಕೂ ಇರುವ ವ್ಯತ್ಯಾಸ ಗಮನಿಸಿ.

ಅದೇ ಸಂಶೋಧಕರು ಸೋಲಿಗರ ಹಿರಿಯರ ಮಾತನ್ನೂ ಬರೆದುಕೊಂಡರು. ಮೊದಲು ಬೇಸಿಗೆಯ ಆರಂಭದಲ್ಲಿ ಇಡುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನವೂ, ನೆಲ್ಲಿ ಮರದ ಬಂದಳಿಕೆಯೂ ಹೆಚ್ಚಾದವು ಎಂಬುದು ಆ ಹಿರಿಯರ ಅನುಭವ. ಹೀಗೆ ಹಿರಿಯರ ಅನುಭವ ವಿಜ್ಞಾನದ ಪತ್ರಿಕೆಯವರೆಗೂ ಹೋಯಿತು. ಇತ್ತ ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದೇ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆದು ಮಾರುವುದನ್ನು ಕಲಿತಿದ್ದಾರೆ. ಸಮಸ್ಯೆಯನ್ನು ಎಣಿಸಿದ ಮೇಲೆ ಪರಿಹಾರವನ್ನೂ ಯೋಚಿಸಬೇಕೆಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ನಾಲ್ಕು: ವನ್ಯಜೀವಿ

ವನ್ಯಜೀವಿ ಎಂದಕೂಡಲೇ ಹುಲಿ ಹುಡುಕಿಕೊಂಡು ಹೋಗುವುದಲ್ಲ. ಹೊಲದ ಬದಿಯಲ್ಲಿ ಹಳೆಯ ಆನೆ ಹೆಜ್ಜೆ ಸಿಕ್ಕರೆ ದಾರದಿಂದ ಸುತ್ತಳತೆ ತೆಗೆಯಿರಿ. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಇಮ್ಮಡಿ ಮಾಡಿದರೆ ಆನೆಯ ಭುಜದ ಎತ್ತರ ಹೆಚ್ಚುಕಡಿಮೆ ಸಿಗುತ್ತದೆ. ಹಿತ್ತಲಲ್ಲಿ ಹದಿನೈದು ನಿಮಿಷ ಕುಳಿತು ಹಕ್ಕಿ ಎಣಿಸಿ. ಜನವರಿಯಲ್ಲಿ ತಮಿಳುನಾಡಿನಲ್ಲಿ ಪೊಂಗಲ್ ಹಕ್ಕಿ ಎಣಿಕೆ ನಡೆಯುತ್ತದೆ, ಅದರಲ್ಲಿ ಮಕ್ಕಳೂ ಸೇರಬಹುದು.

ದನ ಸಾಕುವ ಮನೆಯ ಮಕ್ಕಳಿಗೆ ಇನ್ನೊಂದು ವಿಷಯ ಹೇಳುತ್ತೇನೆ. ನಮ್ಮ ಬೆಟ್ಟದ ಕೆಳಗಿನ ಮೋಯಾರ್ ಕಣಿವೆ ದಕ್ಷಿಣ ಭಾರತದಲ್ಲಿ ರಣಹದ್ದುಗಳು ಉಳಿದಿರುವ ಕೆಲವೇ ಜಾಗಗಳಲ್ಲಿ ಒಂದು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧ ಸತ್ತ ದನದ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ, ಮೂತ್ರಪಿಂಡ ಕೆಡಿಸಿ ಕೊಂದಿತು. ದೇಶದಲ್ಲಿ ಕೋಟಿಗಟ್ಟಲೆ ಇದ್ದ ರಣಹದ್ದುಗಳು ಹೀಗೆ ಬಹುಪಾಲು ಅಳಿದವು. 2006ರಲ್ಲಿ ಪಶುಗಳಿಗೆ ಆ ಔಷಧ ಕೊಡುವುದನ್ನು ಸರ್ಕಾರ ನಿಷೇಧಿಸಿತು. ಹದ್ದಿಗೆ ಹಾನಿ ಮಾಡದ ಮೆಲಾಕ್ಸಿಕಾಂ ಎಂಬ ಬದಲಿ ಔಷಧ ಇದೆ. 'ನಮ್ಮ ಊರಿನಲ್ಲಿ ದನದ ನೋವಿಗೆ ಯಾವ ಔಷಧ ಕೊಡುತ್ತಾರೆ?' ಎಂದು ಮೂವತ್ತು ಮನೆ ಕೇಳಿ ಬರೆಯಿರಿ. ಕಾಡಿಗೆ ಒಂದು ಹೆಜ್ಜೆಯನ್ನೂ ಇಡದೆ ಮಾಡಬಹುದಾದ ವನ್ಯಜೀವಿ ಅಧ್ಯಯನ ಇದು.

ಐದು: ಪ್ರಚಲಿತ ಸಮಸ್ಯೆ

ಕಾರಪಳ್ಳಂ ಚೆಕ್‌ಪೋಸ್ಟಿನ ಆಸುಪಾಸಿನಲ್ಲಿ ಆನೆಗಳು ಕಬ್ಬಿನ ಲಾರಿಗೆ ಕಾಯುವುದು ನಮಗೆಲ್ಲ ಗೊತ್ತು. ಮೊಬೈಲಿನಲ್ಲಿ ಆ ವಿಡಿಯೊ ನೋಡಿ ಹೊರಗಿನವರು ನಗುತ್ತಾರೆ. ನಮಗೆ ಅದು ನಗುವ ವಿಷಯವಲ್ಲ. ಕಬ್ಬಿನ ರುಚಿ ಹತ್ತಿದ ಆನೆ ರಸ್ತೆ ಬಿಡುವುದಿಲ್ಲ, ಮರಿಗೂ ಅದನ್ನೇ ಕಲಿಸುತ್ತದೆ. ಹಗಲಿನಲ್ಲಿ, ಹಿರಿಯರೊಬ್ಬರ ಜೊತೆ, ಊರೊಳಗಿನ ಬಸ್ ನಿಲ್ದಾಣದಲ್ಲಿ ಕುಳಿತು ಗಂಟೆಗೆ ಎಷ್ಟು ಕಬ್ಬಿನ ಲಾರಿ ಹೋಗುತ್ತವೆ, ಎಷ್ಟರಲ್ಲಿ ಕಬ್ಬು ಹೊರಚಾಚಿದೆ ಎಂದು ಎಣಿಸಬಹುದು.

ರಾತ್ರಿ ಸಂಚಾರದ ನಿರ್ಬಂಧವನ್ನೇ ತೆಗೆದುಕೊಂಡರೂ ಸರಿ. ಆದರೆ ಒಂದೇ ಕಡೆಯವರ ಮಾತು ಕೇಳಿ ವರದಿ ಬರೆಯಬೇಡಿ. ತರಕಾರಿ ಬೆಳೆಗಾರರು, ಲಾರಿ ಚಾಲಕರು, ಅರಣ್ಯ ಕಾವಲುಗಾರರು, ರಾತ್ರಿ ಆಸ್ಪತ್ರೆಗೆ ಹೋಗಬೇಕಾಗಿ ಬಂದ ಮನೆಯವರು, ಇವರೆಲ್ಲರಿಗೂ ಅದೇ ಐದು ಪ್ರಶ್ನೆ ಕೇಳಿ. ಉತ್ತರಗಳು ಒಂದಕ್ಕೊಂದು ಹೊಂದದಿದ್ದರೆ ಹೆದರಬೇಡಿ. ಹೊಂದಲಿಲ್ಲ ಎಂದೇ ಬರೆಯಿರಿ.

ಹನ್ನೆರಡು ಮಂದಿಯ ತಂಡ

ಸಂಖ್ಯಾಕಾಂಡದ 13ನೇ ಅಧ್ಯಾಯ ತೆಗೆದು ನೋಡಿ. ಮೋಶೆ ಹನ್ನೆರಡು ಮಂದಿಯನ್ನು ಕಾನಾನ್ ನಾಡಿಗೆ ಕಳಿಸುವಾಗ ಕೊಟ್ಟ ಪ್ರಶ್ನೆಗಳು ಹೆಚ್ಚುಕಡಿಮೆ ನಮ್ಮ ಪ್ರಶ್ನೆಗಳೇ: ಮಣ್ಣು ಫಲವತ್ತಾದದ್ದೋ ಬರಡೋ? ಮರಗಳಿವೆಯೋ ಇಲ್ಲವೋ? ಜನ ಹೆಚ್ಚೋ ಕಡಿಮೆಯೋ? ಆ ನಾಡಿನ ಹಣ್ಣನ್ನು ಮಾದರಿಯಾಗಿ ತನ್ನಿ ಎಂದೂ ಹೇಳಿದರು. ನಲವತ್ತು ದಿನ ತಿರುಗಿ ದ್ರಾಕ್ಷಿ ಗೊಂಚಲು ಹೊತ್ತು ತಂದರು. ಹನ್ನೆರಡು ಮಂದಿಯೂ ನೋಡಿದ ನಾಡು ಒಂದೇ. ಆದರೆ ಹತ್ತು ಮಂದಿ ತಮ್ಮ ಭಯವನ್ನೂ ವರದಿಯೊಳಗೆ ಸೇರಿಸಿ ಇಡೀ ಜನರನ್ನು ಹೆದರಿಸಿದರು. ಕಾಲೇಬನೂ ಯೆಹೋಶುವನೂ ಹಾಗೆ ಮಾಡಲಿಲ್ಲ.

ಪ್ರತಿ ತಂಡಕ್ಕೂ ಇದರಲ್ಲಿ ಪಾಠವಿದೆ. ನೋಡಿದ್ದು ಬೇರೆ, ಅದರ ಬಗ್ಗೆ ನಮಗೆ ಅನಿಸಿದ್ದು ಬೇರೆ. ನೋಟ್‌ಬುಕ್ಕಿನ ಎಡಪುಟದಲ್ಲಿ ನೋಡಿದ್ದು, ಎಣಿಸಿದ್ದು ಮಾತ್ರ ಬರೆಯಿರಿ. ಅನಿಸಿದ್ದನ್ನು ಬಲಪುಟದಲ್ಲಿ ಬರೆಯಿರಿ. ಮಳೆ ಅಳೆಯಲು ಒಂದು ದಿನ ಮರೆತರೆ ಆ ಜಾಗ ಖಾಲಿ ಬಿಡಿ, ಅಂದಾಜಿನಲ್ಲಿ ತುಂಬಬೇಡಿ. ಖಾಲಿ ಬಿಟ್ಟ ಜಾಗ ನಾಚಿಕೆಯಲ್ಲ. ಸುಳ್ಳು ಸಂಖ್ಯೆ ಬರೆದರೆ ಉಳಿದ ಎಲ್ಲ ಸಂಖ್ಯೆಗಳ ಮೇಲೂ ನಂಬಿಕೆ ಹೋಗುತ್ತದೆ.

ಕೆಲಸ ಹಂಚಿಕೊಳ್ಳುವುದು ಹೀಗೆ: ಒಬ್ಬರು ಅಳೆಯುವವರು, ಒಬ್ಬರು ಬರೆಯುವವರು, ಒಬ್ಬರು ಹಿರಿಯರನ್ನು ಮಾತಾಡಿಸುವವರು, ಒಬ್ಬರು ಚಿತ್ರ ಮತ್ತು ನಕ್ಷೆ ಮಾಡುವವರು, ಒಬ್ಬರು ಎಲ್ಲವನ್ನೂ ಪ್ರಶ್ನಿಸುವವರು. ಐದನೆಯವರು ಬಹಳ ಮುಖ್ಯ. "ನಿನಗೆ ಹೇಗೆ ಗೊತ್ತು?" ಎಂದು ತಂಡದೊಳಗೇ ಕೇಳುವವರಿದ್ದರೆ ತೀರ್ಪುಗಾರರ ಮುಂದೆ ತಲೆ ತಗ್ಗಿಸಬೇಕಾಗುವುದಿಲ್ಲ. ತಂಡ ಚಿಕ್ಕದಾದರೆ ಒಬ್ಬರೇ ಎರಡು ಕೆಲಸ ಮಾಡಲಿ. ಓದಿನಲ್ಲಿ ಮುಂದಿರುವ ಇಬ್ಬರನ್ನೇ ಆರಿಸಿ ಕಳಿಸುವ ಅಭ್ಯಾಸ ಬೇಡ ಎಂದು ಶಿಕ್ಷಕರನ್ನೂ ಕೇಳಿಕೊಳ್ಳುತ್ತೇನೆ. ದನ ಮೇಯಿಸುವ ಹುಡುಗನ ಕಣ್ಣು ಇಂಥ ಕೆಲಸದಲ್ಲಿ ಮೊದಲನೇ ರ‍್ಯಾಂಕಿನದು.

ಭಾಷೆಯ ಭಯ

ನನ್ನ ಗೆಳತಿಯ ಬಾಯಿ ಕಟ್ಟಿದ್ದು ಭಾಷೆ. ಮಕ್ಕಳ ವಿಜ್ಞಾನ ಸಮಾವೇಶದ ಹಳೆಯ ಹೆಮ್ಮೆಯೇ ಮಕ್ಕಳು ತಮ್ಮ ಭಾಷೆಯಲ್ಲಿ ವಿಜ್ಞಾನ ಮಾಡಬಹುದು ಎಂಬುದು. ಸಂವಿಧಾನ ಗುರುತಿಸಿದ ಭಾರತೀಯ ಭಾಷೆಗಳಿಗೆ ಅಲ್ಲಿ ಜಾಗವಿದೆ, ಕನ್ನಡಕ್ಕೂ ಇದೆ. ಆದರೂ ಈರೋಡಿನಲ್ಲಿ ಕೇಳುವವರು ತಮಿಳರು. ಅವರಿಗೆ ಅರ್ಥವಾಗುವಂತೆ ಹೇಳುವುದು ನಮ್ಮ ಮರ್ಯಾದೆ, ನಮ್ಮ ಅನುಕೂಲವೂ ಹೌದು. ಅದಕ್ಕೆ ನಾನು ಹೇಳುವ ಉಪಾಯ ಮೂರು ಕಲಂಗಳ ಪಟ್ಟಿ. ಮೊದಲು ಕನ್ನಡ, ಆಮೇಲೆ ತಮಿಳು, ಕೊನೆಗೆ ಲೋಕಕ್ಕೆಲ್ಲ ಒಂದೇ ಆದ ವೈಜ್ಞಾನಿಕ ಹೆಸರು.

ಹೊನ್ನೆ – ವೇಂಗೈ – ಟೆರೋಕಾರ್ಪಸ್ ಮಾರ್ಸುಪಿಯಂ
ಬೂರುಗ – ಇಲವು – ಬಾಂಬಾಕ್ಸ್ ಸೈಬಾ
ಹುಣಸೆ – ಪುಳಿ – ಟಾಮರಿಂಡಸ್ ಇಂಡಿಕಾ
ನೆಲ್ಲಿ – ನೆಲ್ಲಿ – ಫಿಲಾಂತಸ್ ಎಂಬ್ಲಿಕಾ

ನೆಲ್ಲಿಯನ್ನು ನೋಡಿ, ಎರಡು ಭಾಷೆಗೂ ಒಂದೇ ಹೆಸರು. ಸೋಲಿಗರ, ಊರಾಳಿಗಳ ಮನೆಯ ಮಕ್ಕಳು ತಂಡದಲ್ಲಿದ್ದರೆ ಅವರ ಹೆಸರುಗಳಿಗೂ ಒಂದು ಕಲಂ ಸೇರಿಸಿ. ಬಲಿಪೂಜೆಯಲ್ಲಿ ಎರಡು ಮೂರು ಭಾಷೆಯ ಹಾಡು ಒಟ್ಟಿಗೆ ಹಾಡಿ ರೂಢಿಯಿರುವ ನಮಗೆ ಇದು ಕಷ್ಟವೇನಲ್ಲ. ನಾಲ್ಕು ಭಾಷೆಯಲ್ಲಿ ಒಂದು ಮರವನ್ನು ಬಲ್ಲ ಮಗು ಹಿಂದುಳಿದ ಮಗು ಹೇಗಾಗುತ್ತದೆ?

ಮುರಿಯಬಾರದ ನಿಯಮಗಳು

1. ಅನುಮತಿ ಇಲ್ಲದೆ ಅರಣ್ಯದೊಳಗೆ ಹೋಗಬಾರದು. ಅದು ಅಪರಾಧ, ಅಪಾಯವೂ ಹೌದು. ಹಿತ್ತಲು, ಹೊಲ, ಶಾಲೆ, ದೇವಾಲಯದ ಆವರಣ ನಮಗೆ ಸಾಕು.
2. ಬೆಳಿಗ್ಗೆ ಚೆನ್ನಾಗಿ ಬೆಳಕು ಬಂದ ಮೇಲೆ ಹೊರಟು, ಸಂಜೆ ನಾಲ್ಕರೊಳಗೆ ಮನೆ ಸೇರಬೇಕು.
3. ಇಬ್ಬರಿಗಿಂತ ಕಡಿಮೆ ಮಂದಿ ಎಲ್ಲಿಗೂ ಹೋಗಬಾರದು. ಜೊತೆಗೆ ಒಬ್ಬ ಹಿರಿಯರಿರಬೇಕು.
4. ಲದ್ದಿ ಹಸಿಯಾಗಿದ್ದರೆ, ಹೆಜ್ಜೆ ಹೊಸದಾಗಿದ್ದರೆ, ಅಳತೆ ಬೇಡ. ತಕ್ಷಣ ವಾಪಸ್ಸು.
5. ಗಿಡ ಕೀಳುವುದು, ಗೂಡು ಮುಟ್ಟುವುದು ಬೇಡ. ಚಿತ್ರ ಬರೆಯಿರಿ ಅಥವಾ ಫೋಟೊ ತೆಗೆಯಿರಿ.

ನಮ್ಮ ಧರ್ಮಕೇಂದ್ರ ಏನು ಮಾಡಬಹುದು?

ಬರುವ ಎರಡನೇ ಭಾನುವಾರ ಬಲಿಪೂಜೆಯಾದ ಮೇಲೆ ಧರ್ಮೋಪದೇಶದ ಕೋಣೆಯಲ್ಲಿ ಸೇರೋಣ. ಯಾವ ಶಾಲೆಯವರಾದರೂ, ಯಾವ ಧರ್ಮದ ಗೆಳೆಯರಾದರೂ ಬರಲಿ. ಒಬ್ಬೊಬ್ಬರು ಒಂದು ನೋಟ್‌ಬುಕ್ಕು ಮತ್ತು ಮನೆಯ ಹಿರಿಯರಿಂದ ಕೇಳಿ ಬರೆದ ಹತ್ತು ಮರಗಳ ಹೆಸರು ತರಬೇಕು. ಅಳತೆ ಟೇಪು, ಹಗ್ಗ, ಬಾಟಲಿಗಳನ್ನು ಯುವಕೂಟ ಒದಗಿಸುತ್ತದೆ. ತಂಡಗಳನ್ನು ಅಂದೇ ಮಾಡೋಣ. ಸ್ಪರ್ಧೆಗೆ ಹೆಸರು ಕೊಡಬೇಕಾದದ್ದು ಶಾಲೆಯ ಮೂಲಕ, ಆದ್ದರಿಂದ ಶಿಕ್ಷಕರನ್ನು ಮೊದಲೇ ಕಂಡು ಮಾತಾಡೋಣ.

ಸೆಪ್ಟೆಂಬರ್ 1ನ್ನು ಸೃಷ್ಟಿಯ ಪಾಲನೆಗಾಗಿ ಪ್ರಾರ್ಥಿಸುವ ದಿನವೆಂದು ವಿಶ್ವಗುರು ಫ್ರಾನ್ಸಿಸ್‌ರವರು 2015ರಲ್ಲಿ ಗೊತ್ತುಮಾಡಿದರು. ಅಲ್ಲಿಂದ ಅಕ್ಟೋಬರ್ 4ರ ಸಂತ ಅಸ್ಸಿಸಿಯ ಫ್ರಾನ್ಸಿಸರ ಹಬ್ಬದವರೆಗೆ ಸೃಷ್ಟಿಯ ಕಾಲವೆಂದು ಆಚರಿಸುತ್ತೇವೆ. ಆ ಹಬ್ಬದ ದಿನ ನಮ್ಮ ತಂಡಗಳು ತಮ್ಮ ವರದಿಯನ್ನು ಮೊದಲು ನಮ್ಮೆದುರೇ ಓದಲಿ. ಅಜ್ಜ ಅಜ್ಜಿಯರು ಮುಂದಿನ ಬೆಂಚಿನಲ್ಲಿ ಕುಳಿತು ತಪ್ಪಿದ್ದರೆ ತಿದ್ದಲಿ. ಅವರಿಗಿಂತ ಗಟ್ಟಿ ತೀರ್ಪುಗಾರರು ಈರೋಡಿನಲ್ಲಿ ಸಿಗುವುದಿಲ್ಲ.

ನನ್ನ ಆ ಗೆಳತಿಗೆ ಈಗ ಮದುವೆಯಾಗಿದೆ, ಒಂದು ಮಗುವಿದೆ. ಹೋದ ವಾರ ಸಂತೆಯಲ್ಲಿ ಸಿಕ್ಕಿದ್ದಳು. ಮಕ್ಕಳಿಗೆ ಮರ ಗುರುತಿಸಲು ಕಲಿಸಬೇಕು, ಒಂದು ಭಾನುವಾರ ಬರುತ್ತೀಯಾ ಎಂದು ಕೇಳಿದೆ. "ನಾನೇನು ಕಲಿಸ್ಲಿ ಕಣೇ, ನಂಗೇನು ಗೊತ್ತು?" ಎಂದು ನಕ್ಕಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಯಾವ ಭಾನುವಾರ?" ಎಂದಳು.

ಮನೆಯಲ್ಲಿ, ಕಿರು ಕ್ರೈಸ್ತ ಸಮುದಾಯಗಳಲ್ಲಿ ಚರ್ಚಿಸಲು

1. ನಮ್ಮ ಮನೆಯ ಹಿರಿಯರು ಚಿಕ್ಕವರಿದ್ದಾಗ ಇದ್ದು ಈಗ ಕಾಣದಿರುವ ಗಿಡ, ಹಕ್ಕಿ, ಹಳ್ಳ ಯಾವುದು? ಅದು ಯಾವ ಕಾಲದಿಂದ ಕಾಣದಾಯಿತು?
2. ನಮ್ಮ ಬೀದಿಯಲ್ಲಿ ಒಂದು ತಿಂಗಳು ಅಳೆದು ನೋಡಬಹುದಾದ ಒಂದು ವಿಷಯ ಯಾವುದು?
3. ನಮ್ಮ ಮಗುವಿಗೆ ಗೊತ್ತಿದ್ದೂ ಶಾಲೆಯಲ್ಲಿ ಹೇಳಲು ಹಿಂಜರಿಯುವ ತಿಳಿವಳಿಕೆ ಯಾವುದು? ಅದನ್ನು ಹೇಳಲು ನಾವು ಹೇಗೆ ಧೈರ್ಯ ಕೊಡಬಹುದು?

ನಿಮ್ಮ ಸಹೋದರಿ,
ಯುವ ಸಂಯೋಜಕಿ, ಹಾಸನೂರು